ಡಿಸ್ಚಾರ್ಜ್ ಆದ ಮೇಲೂ ಲೆಕ್ಕ ಮುಗಿದಿರಲಿಲ್ಲ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡದಲ್ಲಿ ದಾದಿ ಎಂದರೆ ಆಸ್ಪತ್ರೆಯಲ್ಲಿ ಆರೈಕೆ ಮಾಡುವವರು. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ದಾದಿ ಎಂದರೆ ಅಬ್ಬುವಿನ ತಾಯಿ. ಈ ಲೇಖನದಲ್ಲಿ ಇಬ್ಬರೂ ಬರುತ್ತಾರೆ. ಗೊಂದಲ ಬೇಡವೆಂದು ಆಸ್ಪತ್ರೆಯವರನ್ನು ಸಿಸ್ಟರ್ ಎಂದೇ ಕರೆಯುತ್ತೇನೆ.

ದಾದಿಗೆ ಬಹಳ ವರ್ಷಗಳಿಂದ ಶುಗರ್ ಇದೆ. ಆರು ವರ್ಷದಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ಬೆಳಿಗ್ಗೆ 24 ಯೂನಿಟ್, ರಾತ್ರಿ 16 ಯೂನಿಟ್. ನಾನು ಎಂಟನೇ ತರಗತಿಗೆ ಬಂದಾಗಿನಿಂದ ಸಿರಿಂಜ್ ತುಂಬುವ ಕೆಲಸ ನನ್ನದು. ದಾದಿಯ ಕಣ್ಣು ಮಂಜಾಗಿದೆ. ಅಮ್ಮಿಗೆ ಉರ್ದು ಬಿಟ್ಟು ಬೇರೆ ಓದಲು ಬರುವುದಿಲ್ಲ. ಅಬ್ಬು ಬೆಳಕು ಹರಿಯುವ ಮೊದಲೇ ರೇಷ್ಮೆ ರೀಲಿಂಗ್ ಘಟಕಕ್ಕೆ ಹೋಗಿಬಿಡುತ್ತಾರೆ. ಔಷಧದ ಬಾಟಲಿಯ ಮೇಲಿನ ಇಂಗ್ಲಿಷ್ ಓದುವವಳು ಮನೆಯಲ್ಲಿ ನಾನೊಬ್ಬಳೇ. ನಮ್ಮ ಕಾಲೇಜಿನಲ್ಲಿ ಇಂಥವರು ಎಷ್ಟು ಜನ ಇದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತು. ಬ್ಯಾಂಕಿನ ಚಲನ್, ಕರೆಂಟ್ ಬಿಲ್, ರೇಷನ್ ಕಾರ್ಡ್, ಔಷಧದ ಚೀಟಿ, ಎಲ್ಲವನ್ನೂ ಓದಿ ಹೇಳುವುದು ನಾವೇ.

ಕಳೆದ ವರ್ಷ ಒಂದು ಸಂಜೆ ಇನ್ಸುಲಿನ್ ಮುಗಿಯಿತು. ಯಾವಾಗಲೂ ತರುವ ಅಂಗಡಿಯಲ್ಲಿ ಇರಲಿಲ್ಲ. ಅಬ್ಬು ಬೇರೆ ಕಡೆಯಿಂದ ತಂದರು. ಅದೇ ಹೆಸರು, ಅದೇ ಗಾತ್ರದ ಬಾಟಲಿ. ಲೇಬಲ್ ಸ್ವಲ್ಪ ಬೇರೆ ಥರ ಕಂಡಿತು. ನಾಳೆ ಅಕೌಂಟೆನ್ಸಿ ಟೆಸ್ಟ್ ಇದೆ ಎಂಬ ಗಡಿಬಿಡಿಯಲ್ಲಿ ನಾನು ಎಂದಿನ ಕೆಂಪು ಮುಚ್ಚಳದ ಸಿರಿಂಜ್ ತೆಗೆದು ಎಂದಿನಂತೆ 16ರ ಗೆರೆಯವರೆಗೆ ತುಂಬಿದೆ. ದಾದಿ ಚುಚ್ಚಿಕೊಂಡು, ಎರಡು ರೊಟ್ಟಿ ತಿಂದು, ಇಶಾ ನಮಾಜ್ ಮುಗಿಸಿ ಮಲಗಿದರು.

ರಾತ್ರಿ ಮೂರು ಗಂಟೆಗೆ ಅಮ್ಮಿ ಕಿರುಚಿದ್ದು ಕೇಳಿ ಎದ್ದೆ. ದಾದಿಯ ಕುರ್ತಾ ನೀರಿಗೆ ಅದ್ದಿದ ಹಾಗೆ ಬೆವರಿನಿಂದ ಒದ್ದೆಯಾಗಿತ್ತು. ಕಣ್ಣು ತೆರೆದಿತ್ತು, ಆದರೆ ನಮ್ಮನ್ನು ನೋಡುತ್ತಿರಲಿಲ್ಲ. ಆಸ್ಪತ್ರೆ ತಲುಪಿ ಬೆರಳು ಚುಚ್ಚಿ ನೋಡಿದಾಗ ಸಕ್ಕರೆ 34 ಇತ್ತು. 70ಕ್ಕಿಂತ ಕೆಳಗೆ ಇಳಿದರೇ ಕಡಿಮೆ ಎನ್ನುತ್ತಾರೆ. ಗ್ಲೂಕೋಸ್ ಹಾಕಿದ ಮೇಲೆ ದಾದಿ ಮಾತಾಡಿದರು. ಮೊದಲು ಕೇಳಿದ್ದು ಫಜ್ರ್ ಆಯಿತೇ ಎಂದು.

ಡ್ಯೂಟಿ ಡಾಕ್ಟರ್ ಕೇಳಿದರು: "ಔಷಧದಲ್ಲಿ ಏನಾದರೂ ಬದಲಾವಣೆ ಮಾಡಿದಿರಾ? ಹೊಸದೇನಾದರೂ ಕೊಟ್ಟಿರಾ?" ಅಬ್ಬು ನನ್ನ ಮುಖ ನೋಡಿದರು. ಹೊಸ ಬಾಟಲಿ ಒಡೆದದ್ದು ನನಗೆ ಗೊತ್ತಿತ್ತು. ಏನು ತಪ್ಪಾಯಿತೆಂದು ಗೊತ್ತಿರಲಿಲ್ಲ, ಆದರೆ ಏನೋ ತಪ್ಪಾಗಿದೆ ಎಂದು ಹೊಟ್ಟೆಯಲ್ಲಿ ಗೊತ್ತಾಗಿತ್ತು. ನಾನು ತಲೆ ತಗ್ಗಿಸಿದೆ. "ಇಲ್ಲ ಸರ್, ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ ಅಷ್ಟೇ" ಎಂದು ಅಬ್ಬು ಹೇಳಿದರು. ನನ್ನನ್ನು ಉಳಿಸಲು ಹೇಳಿದ ಸುಳ್ಳು ಅದು. ಡಾಕ್ಟರ್ ಅದನ್ನೇ ಬರೆದುಕೊಂಡರು.

ಮರುದಿನ ಡಿಸ್ಚಾರ್ಜ್. ಈ ವಯಸ್ಸಿಗೆ ಈ ಪ್ರಮಾಣ ಹೆಚ್ಚಾಗುತ್ತಿರಬಹುದು ಎಂದು ಎರಡನ್ನೂ ಅರ್ಧ ಮಾಡಿದರು. ಬೆಳಿಗ್ಗೆ 12, ರಾತ್ರಿ 8. ಹತ್ತು ದಿನ ಬಿಟ್ಟು ಕರೆದುಕೊಂಡು ಬನ್ನಿ ಎಂದು ಚೀಟಿಯಲ್ಲಿ ಬರೆದರು. ನಾವು ಹೋಗಲಿಲ್ಲ. ಯಾಕೆ ಹೋಗಬೇಕು? ಮನೆಗೆ ಬಂದ ಮೇಲೆ ದಾದಿಯ ಸಕ್ಕರೆ ಚೆನ್ನಾಗಿಯೇ ಇತ್ತು. ಒಂದು ದಿನ ಹೋದರೆ ಅಬ್ಬುವಿಗೆ ಒಂದು ದಿನದ ಕೂಲಿ ಹೋಗುತ್ತದೆ. "ದೇವರ ದಯೆ, ಬದುಕಿ ಬಂದರಲ್ಲ" ಎಂದು ನೆಂಟರು ಹಣ್ಣು ತಂದು ನೋಡಿಕೊಂಡು ಹೋದರು. ನಮ್ಮ ಪಾಲಿಗೆ ವಿಷಯ ಮುಗಿಯಿತು.

ಮೂರು ವಾರದ ಮೇಲೆ ಆ ಬಾಟಲಿ ಖಾಲಿಯಾಯಿತು. ಈ ಸಲ ನಮ್ಮ ಹಳೆಯ ಅಂಗಡಿಯಲ್ಲೇ ಸಿಕ್ಕಿತು. ಅಲ್ಲಿಂದ ದಾದಿಯ ಸಕ್ಕರೆ ಏರುತ್ತಾ ಹೋಯಿತು. 250, 310, ಒಂದು ದಿನ 420. ಡಾಕ್ಟರ್ ಬರೆದದ್ದು 12 ಮತ್ತು 8, ನಾನು ಕೊಡುತ್ತಿದ್ದದ್ದೂ ಅಷ್ಟೇ. ಎಲ್ಲಿ ತಪ್ಪಿದೆ? ಬಾಳೆಹಣ್ಣು ತಿಂದಿರಬೇಕು ಎಂದು ಅಮ್ಮಿ ದಾದಿಯನ್ನೇ ಬೈದರು. ಅಷ್ಟರಲ್ಲಿ ಚಪ್ಪಲಿ ಕಚ್ಚಿ ಎಡಗಾಲಿನಲ್ಲಿ ಆದ ಒಂದು ಸಣ್ಣ ಗಾಯ ಒಣಗಲೇ ಇಲ್ಲ. ಕೀವು ಬಂದ ಮೇಲೆ ಆಸ್ಪತ್ರೆಗೆ ಹೋದೆವು. ಹತ್ತು ದಿನಕ್ಕೆ ಹೋಗಬೇಕಾದವರು ಹೋದದ್ದು ಆರು ವಾರಕ್ಕೆ.

ಅಲ್ಲಿ ಒಬ್ಬ ಸಿಸ್ಟರ್ ಕೇಳಿದ ಒಂದು ಪ್ರಶ್ನೆಯಿಂದ ಎಲ್ಲವೂ ಹೊರಬಂತು. "ಮನೆಯಲ್ಲಿ ಇರುವ ಎಲ್ಲ ಔಷಧ, ಸಿರಿಂಜ್, ಖಾಲಿ ಡಬ್ಬಿ, ಏನಿದೆಯೋ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ನಾಳೆ ಬಾ." ನಮ್ಮ ದಾದಿ ಏನನ್ನೂ ಬಿಸಾಡುವವರಲ್ಲ. ಖಾಲಿ ಬಾಟಲಿಗಳೂ ಬಿಸ್ಕೆಟ್ ಡಬ್ಬಿಯಲ್ಲಿ ಇದ್ದವು. ಸಿಸ್ಟರ್ ಎರಡು ಬಾಟಲಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಸಣ್ಣ ಅಕ್ಷರದ ಮೇಲೆ ಬೆರಳಿಟ್ಟು, ಓದು ಎಂದರು. ಒಂದರ ಮೇಲೆ 40 ಐಯು ಪ್ರತಿ ಎಂಎಲ್. ಇನ್ನೊಂದರ ಮೇಲೆ 100 ಐಯು ಪ್ರತಿ ಎಂಎಲ್. "ಇದನ್ನು ಯಾವ ಸಿರಿಂಜಿನಲ್ಲಿ ತೆಗೆದೆ?" ನಾನು ಕೆಂಪು ಮುಚ್ಚಳದ್ದನ್ನು ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿತು.

ಈಗ ಲೆಕ್ಕ ಮಾಡೋಣ. ನಮ್ಮ ದೇಶದಲ್ಲಿ ಎರಡು ಸಾಂದ್ರತೆಯ ಇನ್ಸುಲಿನ್ ಬಾಟಲಿ ಮಾರಾಟವಾಗುತ್ತವೆ. ಒಂದರಲ್ಲಿ ಒಂದು ಎಂಎಲ್‌ಗೆ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್. ಸಿರಿಂಜ್ ಕೂಡ ಎರಡು ಥರ. ಕೆಂಪು ಮುಚ್ಚಳದ್ದು 40ರ ಬಾಟಲಿಗೆ, ಕಿತ್ತಳೆ ಮುಚ್ಚಳದ್ದು 100ರ ಬಾಟಲಿಗೆ. ಕೆಂಪು ಸಿರಿಂಜಿನಲ್ಲಿ 16ರ ಗೆರೆ ಎಂದರೆ 0.4 ಎಂಎಲ್. 40ರ ಬಾಟಲಿಯಿಂದ ತೆಗೆದರೆ 16 ಯೂನಿಟ್. 100ರ ಬಾಟಲಿಯಿಂದ ತೆಗೆದರೆ 40 ಯೂನಿಟ್. ಅಂದರೆ ಎರಡೂವರೆ ಪಟ್ಟು. ನಾನು ಆ ರಾತ್ರಿ ದಾದಿಗೆ ಕೊಟ್ಟದ್ದು 16 ಅಲ್ಲ, 40. ತಿರುಗಾಮುರುಗಾ ಆದರೂ ಅಪಾಯವೇ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 16ರ ಗೆರೆಗೆ ತೆಗೆದರೆ ಬರುವುದು 6.4 ಯೂನಿಟ್ ಮಾತ್ರ.

ಮುಂದಿನದು ಇನ್ನೂ ವಿಚಿತ್ರ. ಡಾಕ್ಟರ್ ಅರ್ಧ ಮಾಡಿದ ಮೇಲೂ ಮನೆಯಲ್ಲಿ ಅದೇ 100ರ ಬಾಟಲಿ, ಅದೇ ಕೆಂಪು ಸಿರಿಂಜ್. 12ರ ಗೆರೆಗೆ 30 ಯೂನಿಟ್, 8ರ ಗೆರೆಗೆ 20 ಯೂನಿಟ್ ಹೋಗುತ್ತಿತ್ತು. ದಾದಿಗೆ ನಿಜವಾಗಿ ಬೇಕಾಗಿದ್ದದ್ದು 24 ಮತ್ತು 16. ಹತ್ತಿರ ಹತ್ತಿರ ಅಷ್ಟೇ ಸಿಗುತ್ತಿದ್ದುದರಿಂದ ಸಕ್ಕರೆ ಚೆನ್ನಾಗಿ ಕಂಡಿತು. 40ರ ಬಾಟಲಿ ಬಂದ ದಿನದಿಂದ ನಿಜವಾಗಿಯೂ 12 ಮತ್ತು 8 ಯೂನಿಟ್ ಹೋಗತೊಡಗಿತು. ಸಕ್ಕರೆ ಏರದೆ ಏನು ಮಾಡೀತು?

ವಾಣಿಜ್ಯ ವಿಭಾಗದವರಿಗೆ ಇದು ಪಾಠದಲ್ಲಿ ಇದೆ. ತಾಳೆಪಟ್ಟಿ ತಾಳೆಯಾದ ಮಾತ್ರಕ್ಕೆ ಪುಸ್ತಕ ಸರಿಯಾಗಿದೆ ಎಂದಲ್ಲ. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿದರೆ ಎರಡೂ ಬದಿ ಸಮ ಬರುತ್ತದೆ, ತಪ್ಪು ಒಳಗೇ ಕೂತಿರುತ್ತದೆ. ನನ್ನದು ಮೊದಲ ತಪ್ಪು. ನಮ್ಮ ಸುಳ್ಳಿನಿಂದ ಡಾಕ್ಟರ್ ಮಾಡಿದ ಬದಲಾವಣೆ ಎರಡನೆಯದು. ಇವೆರಡೂ ಸೇರಿ ಮೂರು ವಾರ ನಮಗೆ ನೆಮ್ಮದಿ ಕೊಟ್ಟವು.

ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಔಷಧ ಹೆಚ್ಚುಕಡಿಮೆಯಾಗಿ ಅಪಾಯ ಬಂದಾಗ ನಾವೆಲ್ಲ ಆಸ್ಪತ್ರೆಗೆ ಓಡುತ್ತೇವೆ. ಓಡಬೇಕು ಕೂಡ. ಆದರೆ ಜೀವ ಉಳಿದ ದಿನಕ್ಕೆ ಚಿಕಿತ್ಸೆ ಮುಗಿಯಿತು ಎಂದುಕೊಳ್ಳುತ್ತೇವೆ. ನನ್ನ ಪ್ರಕಾರ ಅದು ಅರ್ಧ ಚಿಕಿತ್ಸೆ. ಎರಡನೇ ಅರ್ಧ ಎಂದರೆ ಹೇಳಿದ ದಿನಕ್ಕೆ ಮತ್ತೆ ಹೋಗುವುದು ಮತ್ತು ಹೋದಾಗ ನಿಜ ಹೇಳುವುದು. ಅದನ್ನು ಬಿಟ್ಟರೆ ಮೊದಲ ಅರ್ಧವೂ ವ್ಯರ್ಥವಾಗಬಹುದು.

ನನ್ನ ಖಾಲಾ ಮಗಳು ಬೆಂಗಳೂರಿನಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ ಮಾಡುತ್ತಾಳೆ. ಅಮೆರಿಕದ ಆಸ್ಪತ್ರೆಗಳ ದಾಖಲೆ ಓದಿ ಪ್ರತಿ ಕಾಯಿಲೆಗೂ ಒಂದು ಸಂಕೇತ ಹಾಕುವ ಕೆಲಸ. ದಾದಿಯ ವಿಷಯ ಹೇಳಿದಾಗ ಅವಳು ತಕ್ಷಣ ಹೇಳಿದಳು, "ಅದು ನಮ್ಮಲ್ಲಿ ಟಿ 38.3." ಹಾರ್ಮೋನ್ ಔಷಧಗಳಿಂದ ಆಗುವ ವಿಷಬಾಧೆ ಟಿ 38. ಅದರಲ್ಲಿ ಇನ್ಸುಲಿನ್ ಮತ್ತು ಶುಗರ್ ಮಾತ್ರೆಗಳದ್ದು 38.3. ನನಗೆ ವಿಷ ಎಂಬ ಪದ ಕೇಳಿಯೇ ಗಂಟಲು ಕಟ್ಟಿತು. ಸರಿಯಾದ ಔಷಧವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ತೊಂದರೆಯಾದರೆ ಅದು ಅಡ್ಡಪರಿಣಾಮ. ಪ್ರಮಾಣ ತಪ್ಪಿದರೆ, ಅದೇ ಔಷಧವಾದರೂ, ಆ ಪುಸ್ತಕದ ಲೆಕ್ಕದಲ್ಲಿ ವಿಷಬಾಧೆ. ಸಂಕೇತದ ಕೊನೆಯಲ್ಲಿ ಒಂದು ಅಕ್ಷರ ಬರುತ್ತದಂತೆ. ಮೊದಲ ಚಿಕಿತ್ಸೆಯ ಹಂತಕ್ಕೆ ಎ. ಆಮೇಲಿನ ಮರುಭೇಟಿಗೆ ಡಿ. ಮುಂದೆ ಉಳಿದುಬಿಡುವ ತೊಂದರೆಗೆ ಎಸ್. ಮರುಭೇಟಿಗೆ ಆ ಪುಸ್ತಕದಲ್ಲಿ ಬೇರೆಯೇ ಒಂದು ಅಕ್ಷರ ಇದೆ. ನಮ್ಮ ಮನೆಯ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಹಾರ್ಮೋನ್ ಎಂದ ಕೂಡಲೇ ಇದು ವಿಜ್ಞಾನ ವಿಭಾಗದವರ ವಿಷಯ ಎಂದು ಪುಟ ತಿರುಗಿಸಬೇಡಿ. ನಿಮ್ಮ ಮನೆಯ ಕಪಾಟಿನಲ್ಲಿ ಇದು ಖಂಡಿತ ಇರಬಹುದು. ಇನ್ಸುಲಿನ್ ಒಂದು ಹಾರ್ಮೋನ್. ಅಮ್ಮಂದಿರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನುಂಗುವ ಥೈರಾಯ್ಡ್ ಮಾತ್ರೆ ಹಾರ್ಮೋನ್. ಉಬ್ಬಸಕ್ಕೆ, ಮಂಡಿನೋವಿಗೆ ಕೊಡುವ ಸ್ಟಿರಾಯ್ಡ್ ಮಾತ್ರೆಯೂ ಹಾರ್ಮೋನ್ ಜಾತಿಯದೇ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಶುಗರ್ ಮಾತ್ರೆಗಳು ಸ್ವತಃ ಹಾರ್ಮೋನ್ ಅಲ್ಲ, ಆದರೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತವೆ. ಈ ಎಲ್ಲದರ ಒಂದು ಸ್ವಭಾವ ಒಂದೇ. ಇವು ದೇಹದಲ್ಲಿ ನಿಧಾನವಾಗಿ, ಬಹಳ ಹೊತ್ತು ಕೆಲಸ ಮಾಡುತ್ತವೆ. ಹಾಗಾಗಿ "ಈಗ ಚೆನ್ನಾಗಿದ್ದಾರೆ" ಎನ್ನುವುದಕ್ಕೆ ಇಲ್ಲಿ ಬೆಲೆ ಕಡಿಮೆ.

ಮಾಗಡಿ ಕಡೆಯಿಂದ ಬರುವ ನನ್ನ ಗೆಳತಿಯ ಮನೆಯಲ್ಲಿ ಅವಳ ಎರಡು ವರ್ಷದ ತಮ್ಮ ಅಮ್ಮನ ಥೈರಾಯ್ಡ್ ಡಬ್ಬಿ ತೆರೆದು ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡಿದ್ದ. ಅವು ನೂರು ಮಾತ್ರೆಯ ಡಬ್ಬಿಯಲ್ಲಿ ಬರುತ್ತವೆ, ಅಲುಗಿಸಿದರೆ ಗಿಲಕಿಯ ಹಾಗೆ ಸದ್ದು. ಆಸ್ಪತ್ರೆಗೆ ಓಡಿದರು. ಮಗು ನಗುತ್ತಿತ್ತು, ಆಟವಾಡುತ್ತಿತ್ತು. ಡಾಕ್ಟರ್ ಮನೆಗೆ ಕಳಿಸಿದರು, ಆದರೆ ನಾಲ್ಕನೇ ದಿನ ಮತ್ತೆ ಕರೆತನ್ನಿ ಎಂದರು. ಮನೆಯ ಹಿರಿಯರಿಗೆ ನಗು. ಆದರೆ ಗೆಳತಿಯ ತಾಯಿ ಕೇಳಲಿಲ್ಲ. ನಾಲ್ಕನೇ ದಿನ ಮಗುವಿನ ಎದೆಬಡಿತ ಜೋರಾಗಿತ್ತು, ರಾತ್ರಿ ನಿದ್ದೆ ಇಲ್ಲ, ಮೈ ಬಿಸಿ. ಚಿಕಿತ್ಸೆ ಕೊಟ್ಟರು, ಸರಿಹೋಯಿತು. ಇದರಲ್ಲಿ ಮಾಯ ಏನೂ ಇಲ್ಲ. ಆ ಮಾತ್ರೆಯಲ್ಲಿರುವ ಹಾರ್ಮೋನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಅದು ದೇಹದೊಳಗೆ ಇನ್ನೊಂದು ರೂಪಕ್ಕೆ ಬದಲಾದ ಮೇಲೆ ಅದರ ಜೋರು ಕಾಣುತ್ತದೆ. ಹೆಚ್ಚಿನ ಮಕ್ಕಳಿಗೆ ದೊಡ್ಡ ತೊಂದರೆ ಆಗುವುದಿಲ್ಲ. ಯಾವ ಮಗುವಿಗೆ ಆಗುತ್ತದೆ ಎಂದು ಮೊದಲ ದಿನ ನೋಡಿ ಹೇಳಲು ಬಾರದು. ಮರುಭೇಟಿ ಇರುವುದೇ ಅದಕ್ಕೆ.

ಶುಗರ್ ಮಾತ್ರೆ ಇನ್ನೂ ಅಪಾಯ. ಮೇಲೆ ಹೆಸರಿಸಿದಂಥ ಒಂದೇ ಮಾತ್ರೆ ಚಿಕ್ಕ ಮಗುವಿನ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು, ಅದೂ ಹಲವು ಗಂಟೆ ತಡವಾಗಿ. ಅದಕ್ಕೇ ಮಗು ಚೆನ್ನಾಗಿ ಕಂಡರೂ ಇಡೀ ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಗಮನಿಸುತ್ತಾರೆ. "ಸುಮ್ಮನೆ ಬಿಲ್ ಮಾಡಲು ಇಟ್ಟುಕೊಂಡಿದ್ದಾರೆ" ಎಂದು ಕೇಳಿ ಬಿಡಿಸಿಕೊಂಡು ಬರಬೇಡಿ.

ಸ್ಟಿರಾಯ್ಡ್‌ನ ಕಥೆ ಉಲ್ಟಾ. ಗೂಡು ಬೇಯಿಸುವ ಹಬೆ, ಹುಳುವಿನ ಧೂಳು ರೀಲಿಂಗ್ ಕೆಲಸದವರಲ್ಲಿ ಕೆಲವರಿಗೆ ಉಬ್ಬಸ ತರುತ್ತದೆ. ಒಮ್ಮೆ ಬರೆದುಕೊಟ್ಟ ಮಾತ್ರೆಯನ್ನೇ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ತಿನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಬಹಳ ದಿನ ತಿಂದಾಗ ದೇಹ ತನ್ನದೇ ಆದ ಸ್ಟಿರಾಯ್ಡ್ ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಆಮೇಲೆ ಯಾರೋ ಹೆದರಿಸಿದರೆಂದು ಒಂದೇ ದಿನಕ್ಕೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರ ಕಣ್ಣಮುಂದೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅದೂ ಮರುಭೇಟಿಯ ವಿಷಯವೇ.

ಹಾಗಾದರೆ ನಾವು ಯಾಕೆ ಮತ್ತೆ ಹೋಗುವುದಿಲ್ಲ? ಜನಕ್ಕೆ ಅಸಡ್ಡೆ ಎಂದು ಹೇಳಿಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಮೂರು ಕಾರಣ ಇದ್ದವು.

ಮೊದಲನೆಯದು ಕೂಲಿ. ರಾಮನಗರದ ರೀಲಿಂಗ್ ಘಟಕವಾಗಲಿ, ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಾಗಲಿ, ಕೆಲಸ ಮಾಡಿದ ದಿನಕ್ಕೆ ಹಣ. ಕನಕಪುರ, ಮಾಗಡಿಯ ಹಳ್ಳಿಗಳಿಂದ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಿಬರುವುದೆಂದರೆ ಇಡೀ ದಿನ ಹೋಯಿತು. ಕಾಯಿಲೆ ಕಣ್ಣಿಗೆ ಕಾಣುವಾಗ ಆ ದಿನವನ್ನು ಯಾರೂ ಲೆಕ್ಕ ಇಡುವುದಿಲ್ಲ. ಕಾಣದಿರುವಾಗ ಅದು ನಷ್ಟ ಎನಿಸುತ್ತದೆ.

ಎರಡನೆಯದು ಪೊಲೀಸರ ಭಯ. ವಿಷಬಾಧೆಯ ಪ್ರಕರಣ ಎಂದರೆ ಆಸ್ಪತ್ರೆಯವರು ಸಾಮಾನ್ಯವಾಗಿ ಎಂಎಲ್‌ಸಿ ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅಬ್ಬು ಸುಳ್ಳು ಹೇಳಿದ್ದಕ್ಕೆ ಇದೂ ಒಂದು ಕಾರಣ ಎಂದು ಆಮೇಲೆ ಗೊತ್ತಾಯಿತು. ಎಂಎಲ್‌ಸಿ ಎಂದರೆ ಏನಾಯಿತೆಂದು ಬರೆದಿಡುವುದು. ಅದು ಯಾರನ್ನೂ ಅಪರಾಧಿ ಮಾಡುವುದಿಲ್ಲ. ಆಕಸ್ಮಿಕವಾಗಿ ಆದದ್ದನ್ನು ಆಕಸ್ಮಿಕ ಎಂದೇ ಹೇಳಿ ಬರೆಸಬಹುದು.

ಮೂರನೆಯದು ನಾಚಿಕೆ. ಇದೇ ಎಲ್ಲಕ್ಕಿಂತ ದೊಡ್ಡದು. ಮನೆಯಲ್ಲಿ ಔಷಧ ತಪ್ಪಿದರೆ ಮೊದಲು ಏಳುವ ಪ್ರಶ್ನೆ "ಯಾರು ಕೊಟ್ಟದ್ದು?" ಅಷ್ಟು ಕೇಳಿದ ಮೇಲೆ ಯಾರೂ ಬಾಯಿ ಬಿಡುವುದಿಲ್ಲ. ಕೇಳಬೇಕಾದ ಪ್ರಶ್ನೆ "ಏನು ಕೊಟ್ಟದ್ದು, ಎಷ್ಟು, ಯಾವುದರಲ್ಲಿ?" ನಾನು ಆ ರಾತ್ರಿ "ಹೊಸ ಬಾಟಲಿ" ಎಂಬ ಎರಡು ಪದ ಹೇಳಿದ್ದರೆ ಸಾಕಿತ್ತು. ಉಳಿದದ್ದನ್ನು ಡಾಕ್ಟರೇ ಕಂಡುಹಿಡಿಯುತ್ತಿದ್ದರು. ದಾದಿಯ ಕಾಲು ವಾಸಿಯಾಗಲು ಎರಡೂವರೆ ತಿಂಗಳು ಬ್ಯಾಂಡೇಜ್ ಬೇಕಾಗುತ್ತಿರಲಿಲ್ಲ.

ತಪ್ಪೆಲ್ಲ ನಮ್ಮದೇ ಎಂದು ಹೇಳುತ್ತಿಲ್ಲ. ಎರಡು ಸಾಂದ್ರತೆಯ ಬಾಟಲಿ ಒಂದೇ ಮಾರುಕಟ್ಟೆಯಲ್ಲಿ ಇರಬೇಕೇ? ಬ್ರಿಟನ್ 1983ರಲ್ಲಿ ಗೊಂದಲ ತಪ್ಪಿಸಲೆಂದೇ ಹಳೆಯ ಸಾಂದ್ರತೆಗಳನ್ನು ಬಿಟ್ಟು 100ಕ್ಕೆ ಬಂತು. ನಾವು ಹುಟ್ಟುವ ಎಷ್ಟೋ ಮೊದಲಿನ ಮಾತು ಅದು. ಬಾಟಲಿಯ ಮೇಲಿನ ಆ ಒಂದು ಸಂಖ್ಯೆಯನ್ನಾದರೂ ದೊಡ್ಡದಾಗಿ, ಎಚ್ಚರಿಕೆಯನ್ನು ಕನ್ನಡದಲ್ಲಿ ಛಾಪಿಸಲು ಏನು ಕಷ್ಟ? ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧದ ತಪ್ಪುಗಳಿಂದ ಆಗುವ ಹಾನಿ ತಗ್ಗಿಸಲು ಜಗತ್ತಿನ ಎಲ್ಲ ದೇಶಗಳಿಗೂ ಕರೆ ಕೊಟ್ಟಿತು. ಪ್ರತಿ ಸೆಪ್ಟೆಂಬರ್ 17ರಂದು ರೋಗಿ ಸುರಕ್ಷತಾ ದಿನ ಆಚರಿಸುತ್ತಾರೆ. ದೊಡ್ಡವರು ಆ ಕೆಲಸ ಮಾಡಲಿ. ಅಲ್ಲಿಯವರೆಗೆ ಬಾಟಲಿ ಓದುವವರು ನಾವು. ನಮ್ಮ ಕೈಯಲ್ಲಿ ಆಗುವುದನ್ನು ನಾವು ಮಾಡೋಣ.

ಹೊಸ ಬಾಟಲಿ ಬಂದಾಗ ಹೆಸರಿನ ಜೊತೆ ಸಂಖ್ಯೆಯನ್ನೂ ಜೋರಾಗಿ ಓದಿ. 40ಕ್ಕೆ ಕೆಂಪು, 100ಕ್ಕೆ ಕಿತ್ತಳೆ. ಮನೆಯಲ್ಲಿ ಓದು ಬಾರದವರಿಗೂ ಈ ಬಣ್ಣ ಹೇಳಿಕೊಡಿ. ನಮ್ಮ ಅಮ್ಮಿ ಈಗ ಬಾಟಲಿಗೆ ಕೆಂಪು ದಾರ ಕಟ್ಟಿ ಇಡುತ್ತಾರೆ.

ಸಕ್ಕರೆ ಇಳಿದವರು ಎಚ್ಚರವಾಗಿದ್ದು ನುಂಗಬಲ್ಲರಾದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಮಗು ಮಾತ್ರೆ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಡಬ್ಬಿಯ ಜೊತೆಗೇ ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ಇದೆ. ಅದರ ಉಚಿತ ಸಂಖ್ಯೆ 1800 116 117. ಹಗಲಿರಲಿ ರಾತ್ರಿಯಿರಲಿ ಕೇಳಬಹುದು.

ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳದೆ ಬಾಗಿಲು ದಾಟಬೇಡಿ. ಇದು ಯಾಕೆ ಆಯಿತು? ಇವತ್ತಿನಿಂದ ಏನು ಬದಲಾಯಿತು? ಮತ್ತೆ ಯಾವ ದಿನ ಬರಬೇಕು? ಉತ್ತರವನ್ನು ಮನೆಯ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಆ ದಿನ ಹೋಗುವಾಗ ಔಷಧದ ಚೀಲ ಪೂರ್ತಿ ಒಯ್ಯಿರಿ. ದೂರದ ಆಸ್ಪತ್ರೆಗೆ ಹೋಗಲು ಆಗದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಾದರೂ ಅದೇ ಚೀಲ, ಅದೇ ಚೀಟಿ ತೆಗೆದುಕೊಂಡು ಹೋಗಿ. ಭಯಪಟ್ಟು ಇನ್ಸುಲಿನ್ ನಿಲ್ಲಿಸುವುದು ಮರುಭೇಟಿಗೆ ಬದಲಿ ಅಲ್ಲ.

ರಂಜಾನಿನ ವಿಷಯ ಬೇರೆಯಾಗಿ ಹೇಳಬೇಕು. ಸೆಹ್ರಿ, ಇಫ್ತಾರ್ ಸಮಯಕ್ಕೆ ಔಷಧದ ಪ್ರಮಾಣವನ್ನು ಮನೆಯಲ್ಲೇ ಅಂದಾಜಿನಲ್ಲಿ ಬದಲಿಸುವವರು ನಮ್ಮಲ್ಲಿ ಬಹಳ. ರಂಜಾನ್ ಶುರುವಾಗುವ ಆರರಿಂದ ಎಂಟು ವಾರ ಮೊದಲೇ ಡಾಕ್ಟರನ್ನು ನೋಡಬೇಕು ಎಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿ ಹೇಳುತ್ತದೆ. ರೋಜಾದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ, 300ಕ್ಕಿಂತ ಮೇಲೆ ಹೋದರೆ ಉಪವಾಸ ಬಿಡಬೇಕು ಎಂದೂ ಅದರಲ್ಲಿ ಇದೆ. ಬೆರಳು ಚುಚ್ಚಿ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲ ಎಂದು ಉಲಮಾಗಳೇ ಹೇಳುತ್ತಾರೆ. ರೋಗಿಗಳಿಗೆ ದೀನ್ ಕೊಟ್ಟ ರಿಯಾಯಿತಿಯನ್ನು ಹಟಕ್ಕೆ ಬಿದ್ದು ತಳ್ಳುವುದು ಬೇಡ. ದಾದಿಗೆ ಈ ಮಾತು ನಾನು ಹೇಳಿದಾಗ ಕೇಳಲಿಲ್ಲ. ನಮ್ಮ ಮಸೀದಿಯ ಇಮಾಮರು ಹೇಳಿದಾಗ ಕೇಳಿದರು. ಯಾರು ಹೇಳಿದರೆ ಕೇಳುತ್ತಾರೋ ಅವರಿಂದ ಹೇಳಿಸಿ.

ಕೊನೆಗೆ ನಮ್ಮ ಕಾಲೇಜಿನ ಆಡಳಿತಕ್ಕೆ, ಅಧ್ಯಾಪಕರಿಗೆ ಒಂದು ಕೋರಿಕೆ. ನಮಗೆ 75 ಶೇಕಡಾ ಹಾಜರಿ ಬೇಕು, ಅದು ನಿಯಮ, ನಾನು ಪ್ರಶ್ನಿಸುತ್ತಿಲ್ಲ. ಆದರೆ ಮನೆಯ ಹಿರಿಯರ ಜೊತೆ ಮರುಭೇಟಿಗೆ ಹೋಗುವುದು ಹೆಚ್ಚಾಗಿ ನಾವೇ, ಯಾಕೆಂದರೆ ಓದಿ ಹೇಳಲು ಬೇರೆ ಯಾರೂ ಇಲ್ಲ. ಆ ದಿನ ಗೈರುಹಾಜರಿ ಬೀಳುತ್ತದೆ. ಅದಕ್ಕೆ ಹೆದರಿಯೂ ಮರುಭೇಟಿ ಮುಂದಕ್ಕೆ ಹೋಗುತ್ತದೆ. ನಮ್ಮ ಮನೆಯಲ್ಲಿ ಹತ್ತನೇ ದಿನ ತಪ್ಪಿದ್ದಕ್ಕೆ ನನ್ನ ಕಿರುಪರೀಕ್ಷೆಯೂ ಒಂದು ನೆಪವಾಗಿತ್ತು. ಆಸ್ಪತ್ರೆಯ ಮುದ್ರೆ ಇರುವ ಚೀಟಿ ತೋರಿಸಿದರೆ ಅಂದಿನ ಪಾಠವನ್ನು, ಕಿರುಪರೀಕ್ಷೆಯನ್ನು ಇನ್ನೊಂದು ದಿನ ಮಾಡಲು ಅವಕಾಶ ಕೊಡಿ. ಇದನ್ನು ಕೆಲವರು ದುರುಪಯೋಗ ಮಾಡಿಕೊಳ್ಳುತ್ತಾರೆ ಎಂದು ನಮ್ಮ ಸರ್ ಒಬ್ಬರು ಹೇಳಿದರು. ಮಾಡಿಕೊಳ್ಳಬಹುದು. ಅದಕ್ಕೆ ಚೀಟಿಯ ಮೇಲೆ ದಿನಾಂಕ ಇರುತ್ತದೆ, ಮುದ್ರೆ ಇರುತ್ತದೆ, ಪರಿಶೀಲಿಸಬಹುದು. ಸಿನಿಮಾಕ್ಕೆ ಹೋಗುವವರು ಈಗಲೂ ಚೀಟಿ ಇಲ್ಲದೆಯೇ ಹೋಗುತ್ತಿದ್ದಾರೆ.

ಎನ್‌ಎಸ್‌ಎಸ್ ಘಟಕದವರಿಗೂ ಒಂದು ಸಲಹೆ. ಗಿಡ ನೆಡುವುದರ ಜೊತೆ ವರ್ಷಕ್ಕೊಮ್ಮೆ ಒಂದು ಔಷಧದ ಚೀಲದ ದಿನ ಮಾಡೋಣ. ಬೀದಿಯ ಹಿರಿಯರು ತಮ್ಮ ಚೀಲ ತರಲಿ. ಒಬ್ಬ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ನೋಡಲಿ, ನಾವು ಓದಿ, ಉರ್ದುವಿನಲ್ಲಿ ಕನ್ನಡದಲ್ಲಿ ಬರೆದುಕೊಡೋಣ. ಔಷಧ ಹೇಳುವುದು ನಮ್ಮ ಕೆಲಸವಲ್ಲ. ಓದಿ ಹೇಳುವುದು ನಮ್ಮ ಕೆಲಸ.

ದಾದಿಗೆ ನಿಜ ಹೇಳಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಬ್ಯಾಂಡೇಜ್ ಬದಲಿಸುವಾಗ ಹೇಳಿದೆ, ಆ ರಾತ್ರಿ ಹೆಚ್ಚು ಕೊಟ್ಟದ್ದು ನಾನೇ ಎಂದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಮುಂದಿನ ಸಲ ಡಾಕ್ಟರ್ ಹತ್ತಿರ ಯಾವ ದಿನ ಹೋಗಬೇಕು ಎಂದು ಕೇಳಿದರು. ನಾನು ದಿನಾಂಕ ಹೇಳಿದೆ. ಆ ದಿನ ಹೋದೆವು. ಈಗ ಬೆಳಿಗ್ಗೆ 22, ರಾತ್ರಿ 14. ಬಾಟಲಿ 40ರದ್ದು, ಸಿರಿಂಜ್ ಕೆಂಪು ಮುಚ್ಚಳದ್ದು. ಚುಚ್ಚುವ ಮೊದಲು ನಾನು ಸಂಖ್ಯೆ ಓದುತ್ತೇನೆ, ಅಮ್ಮಿ ಬಣ್ಣ ನೋಡುತ್ತಾರೆ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ)